ಪುಟ್ಟ ಬೈಪ್ಲೇನಿಗೆ ಎಂಥ ತಂತಿ?

1918ರ ಜುಲೈನಲ್ಲಿ, ಎರಡು ವಾರ ತುಂಬುವುದರೊಳಗೆ, ಕಲ್ಕತ್ತದ ಹುಡುಗ ಇಂದ್ರಲಾಲ್ ರಾಯ್ ಫ್ರಾನ್ಸಿನ ಆಕಾಶದಲ್ಲಿ ಹತ್ತು ಗೆಲುವುಗಳನ್ನು ತನ್ನ ಹೆಸರಿಗೆ ಬರೆಸಿಕೊಂಡ. ಅದೇ ತಿಂಗಳ 22ರಂದು ಕಾದಾಟದಲ್ಲಿ ತೀರಿಕೊಂಡಾಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಅವನು ಹಾರಿಸುತ್ತಿದ್ದದ್ದು ಎಸ್.ಇ.5ಎ ಎಂಬ ಎರಡು ರೆಕ್ಕೆಯ ಬ್ರಿಟಿಷ್ ಯುದ್ಧವಿಮಾನ. ಸ್ಕೇಲ್ ಮಾಡೆಲ್ ಕಟ್ಟುವ ನಮ್ಮ ಹವ್ಯಾಸಿಗಳಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. 1/48 ಅಳತೆಯಲ್ಲಿ ಎಡುವಾರ್ಡ್ ಕಂಪನಿಯ ಸೊಗಸಾದ ಕಿಟ್ ಇದೆ. ಆದರೆ ಬಣ್ಣ ಬಳಿದು, ಮೇಲಿನ ರೆಕ್ಕೆ ಕೂರಿಸುವವರೆಗೆ ಉತ್ಸಾಹದಿಂದ ಕೂತವರು ತಂತಿ ಕಟ್ಟುವ ಹೊತ್ತಿಗೆ ಕೈಚೆಲ್ಲುತ್ತಾರೆ. ಪೆಟ್ಟಿಗೆ ಅಟ್ಟ ಸೇರುತ್ತದೆ.

ಹೆದರಿಕೆಗೆ ಕಾರಣ ಕೈಚಳಕದ ಕೊರತೆ ಎಂದು ನಾನು ನಂಬುವುದಿಲ್ಲ. ಬಹಳ ಸಲ ತಪ್ಪುವುದು ದಾರದ ಆಯ್ಕೆ. ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬಲ್ಲಿಂದ ಹೊರಡುತ್ತೇವೆ. ಹೊರಡಬೇಕಾದದ್ದು ಅಸಲಿ ವಿಮಾನದಲ್ಲಿ ಏನಿತ್ತು ಎಂಬಲ್ಲಿಂದ.

ಬೈಪ್ಲೇನಿನ ಎರಡು ರೆಕ್ಕೆ, ನಡುವಿನ ಸ್ಟ್ರಟ್‌ಗಳು, ಓರೆಯಾಗಿ ಬಿಗಿದ ತಂತಿಗಳು ಎಲ್ಲ ಸೇರಿದರೇ ಒಂದು ಗಟ್ಟಿ ಚೌಕಟ್ಟು. ಕೆಳರೆಕ್ಕೆಯ ಬುಡದಿಂದ ಮೇಲಿನ ರೆಕ್ಕೆಯ ಹೊರತುದಿಯತ್ತ ಹೋಗುವವು ಫ್ಲೈಯಿಂಗ್ ವೈರ್‌ಗಳು. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳದಂತೆ ಹಿಡಿಯುತ್ತವೆ. ಇದಕ್ಕೆ ಅಡ್ಡಲಾಗಿ ಮೇಲಿನಿಂದ ಕೆಳಕ್ಕೆ ಇಳಿಯುವವು ಲ್ಯಾಂಡಿಂಗ್ ವೈರ್‌ಗಳು. ನೆಲದಲ್ಲಿ ನಿಂತಾಗ ರೆಕ್ಕೆಯ ಭಾರ ಹೊರುತ್ತವೆ. ಎಸ್.ಇ.5ಎ ವಿಮಾನವನ್ನು ರೂಪಿಸಿದ್ದು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ. ಗಾಳಿಯ ತಡೆ ಕಡಿಮೆಯಾಗಲೆಂದು ಅಲ್ಲಿಯವರು ಚಪ್ಪಟೆಯಾದ, ಅಂಚು ತೆಳುವಾದ ಉಕ್ಕಿನ ತಂತಿ ಬಳಸಿದರು. ಆ ಕಾರ್ಖಾನೆಯ ಹೆಸರಿನಿಂದಲೇ ಅದು ‘ರಾಫ್ ವೈರ್’ ಆಯಿತು. ಎದುರಿನಿಂದ ನೋಡಿದರೆ ಈ ತಂತಿ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ. ಪಕ್ಕಕ್ಕೆ ಬಂದು ನಿಂತರೆ ಹೊಳೆಯುವ ಪಟ್ಟಿ. ಜರ್ಮನರ ಅಲ್ಬಾಟ್ರೋಸ್‌ನಲ್ಲಿ ಹೀಗಲ್ಲ. ಅಲ್ಲಿ ದುಂಡನೆಯ ಹೊಸೆದ ಕೇಬಲ್, ಬಿಗಿ ಮಾಡಲು ಟರ್ನ್‌ಬಕಲ್. ರಾಫ್ ವೈರಿನ ತುದಿಯಲ್ಲಿ ಸ್ಕ್ರೂವಿನಂಥ ಮರೆಯೇ ಇದ್ದು ಅದು ನೇರವಾಗಿ ಕವಲು ಹಿಡಿಕೆಗೆ ತಿರುಚಿಕೊಳ್ಳುತ್ತದೆ. ಆದ್ದರಿಂದ ಎಸ್.ಇ.5ಎ ರೆಕ್ಕೆಗಳ ನಡುವೆ ದಪ್ಪದಪ್ಪ ಟರ್ನ್‌ಬಕಲ್ ಸಿಕ್ಕಿಸುವುದು ಎಷ್ಟು ಅಂದವಾಗಿ ಕಂಡರೂ ತಪ್ಪೇ. ದುಬಾರಿ ಹಿತ್ತಾಳೆ ಬಿಡಿಭಾಗ ಕೊಳ್ಳುವ ಮುನ್ನ ಹಳೆಯ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡುವುದು ಲಾಭದ ಕೆಲಸ.

ಇನ್ನು ದಪ್ಪದ ಲೆಕ್ಕ. ಅಸಲಿ ತಂತಿ 6 ಮಿ.ಮೀ. ಎಂದುಕೊಳ್ಳಿ. 1/32 ಮಾಡೆಲಿನಲ್ಲಿ ಅದು ಸುಮಾರು 0.19 ಮಿ.ಮೀ., 1/48ರಲ್ಲಿ 0.125, 1/72ರಲ್ಲಿ 0.08, ಅಂದರೆ ತಲೆಗೂದಲಿನಷ್ಟು. ಹೊಲಿಗೆಯ ಹತ್ತಿ ದಾರ ಕಾಲು ಮಿಲಿಮೀಟರ್ ಇದ್ದರೂ 1/72ರಲ್ಲಿ ಅದು 18 ಮಿ.ಮೀ. ಹಗ್ಗಕ್ಕೆ ಸಮ. ಮೇಲಾಗಿ ಅದರ ಜುಂಗು ಬೆಳಕಿಗೆ ಎದ್ದು ಕಾಣುತ್ತದೆ. ಅನುಮಾನ ಬಂದರೆ ತೆಳುವಾದದ್ದನ್ನೇ ಆರಿಸಿ. ತುಸು ಸಣ್ಣದಾದ ತಂತಿಯನ್ನು ಕಣ್ಣು ಒಪ್ಪುತ್ತದೆ, ತುಸು ದಪ್ಪವಾದದ್ದನ್ನು ಒಪ್ಪುವುದಿಲ್ಲ.

ಸಿಗುವ ವಸ್ತುಗಳಲ್ಲಿ ಅಗ್ಗದ್ದೆಂದರೆ ಕಿಟ್ಟಿನ ಚೌಕಟ್ಟಿನದೇ ಪ್ಲಾಸ್ಟಿಕ್ ಕಡ್ಡಿ. ಮೇಣದಬತ್ತಿಯ ಮೇಲೆ ಮೆದುವಾಗಿಸಿ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಅಂಟಿಸಿದ ಮೇಲೆ ಜೋಲು ಬಿದ್ದರೆ ಉರಿಯುವ ಊದುಬತ್ತಿಯ ತುದಿಯನ್ನು ಹತ್ತಿರ ಒಯ್ದರೆ ಸಾಕು, ಎಳೆ ಕುಗ್ಗಿ ನೆಟ್ಟಗಾಗುತ್ತದೆ. ಒಂದು ಕೂದಲು ಹೆಚ್ಚು ಹತ್ತಿರವಾದರೆ ತುಂಡಾಗುತ್ತದೆ. 1/72ಕ್ಕೆ ಇದು ಚೆನ್ನ, ಆದರೆ ಗಾಜಿನ ಪೆಟ್ಟಿಗೆಯಿಂದ ಹೊರಬರುವ ಮಾಡೆಲಿಗೆ ಬೇಡ.

ಮೀನಿನ ಗಾಳಕ್ಕೆ ಬಳಸುವ ನೈಲಾನ್ ಎಳೆ ನುಣುಪು, ಗಟ್ಟಿ. 0.10ರಿಂದ 0.12 ಮಿ.ಮೀ. ದಪ್ಪದ್ದು ಹುಡುಕಿ ತಂದರೆ 1/48ಕ್ಕೆ ಸರಿ. ಪಾರದರ್ಶಕವಾದ್ದರಿಂದ ಲೋಹದ ಬಣ್ಣ ಸವರಲೇಬೇಕು. ಇದರ ದೋಷ ಎರಡು. ಬಿಗಿಯಾಗಿ ಎಳೆದರೆ ಪ್ಲಾಸ್ಟಿಕ್ ರೆಕ್ಕೆಯೇ ಬಾಗಿಬಿಡುತ್ತದೆ. ಜೊತೆಗೆ ನೈಲಾನ್ ತೇವ ಹೀರಿ ಉದ್ದವಾಗುವ ವಸ್ತು. ಬೇಸಿಗೆಯಲ್ಲಿ ಮಂಗಳೂರಿನಲ್ಲೋ ಉಡುಪಿಯಲ್ಲೋ ಬಿಗಿದ ತಂತಿ ಆಷಾಢದ ಮಳೆಗೆ ಸಡಿಲಾದರೆ ಅದು ಕಟ್ಟಿದವರ ತಪ್ಪಲ್ಲ.

ರಾಫ್ ವೈರಿನ ಹೊಳಪು ತೋರಿಸಲು ಉಕ್ಕಿನಷ್ಟು ಚೆನ್ನಾದದ್ದು ಬೇರೊಂದಿಲ್ಲ. ದೊಡ್ಡ ಅಳತೆಗೆ ಚಪ್ಪಟೆಯಾಗಿ ಕೊರೆದ ಸ್ಟೇನ್‌ಲೆಸ್ ಪಟ್ಟಿಗಳೇ ಸಿಗುತ್ತವೆ. ಆದರೆ ಮಾಡೆಲಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಬಿಸಿಗೆ ಹಿಗ್ಗುವುದು, ತಂಪಿಗೆ ಕುಗ್ಗುವುದು ಉಕ್ಕಿಗಿಂತ ಹಲವು ಪಟ್ಟು ಹೆಚ್ಚು. 6 ಸೆಂ.ಮೀ. ಉದ್ದದ ತಂತಿಯ ಎರಡೂ ತುದಿಯನ್ನು ಅಂಟಿಸಿಬಿಟ್ಟಿದ್ದೀರಿ ಎನ್ನಿ. ಕಲಬುರಗಿಯ ಬೇಸಿಗೆ ಮಧ್ಯಾಹ್ನಕ್ಕೂ ಚಳಿಗಾಲದ ರಾತ್ರಿಗೂ ನಡುವೆ ಉಷ್ಣಾಂಶ 20 ಡಿಗ್ರಿ ಇಳಿದರೆ ಪ್ಲಾಸ್ಟಿಕ್ ತಂತಿಗಿಂತ ಸುಮಾರು 0.06 ಮಿ.ಮೀ. ಹೆಚ್ಚು ಕುಗ್ಗುತ್ತದೆ. ಅಷ್ಟಕ್ಕೇ ತಂತಿಯ ನಡುಭಾಗ ಒಂದು ಮಿಲಿಮೀಟರಿಗೂ ಮಿಕ್ಕಿ ಹೊರಬಾಗಿ ನಿಲ್ಲುತ್ತದೆ! ಇದಕ್ಕೆ ಮದ್ದು ಸುಲಭ: ಒಂದು ತುದಿಗೆ ಮಾತ್ರ ಅಂಟು, ಇನ್ನೊಂದು ತುದಿ ಆಳವಾದ ತೂತಿನಲ್ಲಿ ಸಡಿಲವಾಗಿ ಜಾರುವಂತಿರಲಿ.

ಈಚಿನ ವರ್ಷಗಳಲ್ಲಿ ಹವ್ಯಾಸಿಗಳ ಮನಗೆದ್ದಿರುವುದು ಇಲಾಸ್ಟಿಕ್ ಎಳೆ. ಈಝಿ ಲೈನ್, ಉಶಿ, ಇನ್ಫಿನಿ ಎಂಬ ಹೆಸರುಗಳಲ್ಲಿ ಬರುತ್ತದೆ. ನನ್ನ ಮತ ಇದಕ್ಕೇ. ತನ್ನ ಉದ್ದದ ಹಲವು ಪಟ್ಟು ಹಿಗ್ಗುವುದರಿಂದ ರೆಕ್ಕೆಯ ಮೇಲೆ ಒತ್ತಡವಿಲ್ಲ, ಮಳೆ ಬಿಸಿಲಿಗೆ ಜೋಲುವುದಿಲ್ಲ, ಬೆರಳು ತಗುಲಿದರೂ ತನ್ನ ಜಾಗಕ್ಕೆ ಮರಳುತ್ತದೆ. ಪಿನ್ ವೈಸ್‌ನಲ್ಲಿ 0.3 ಮಿ.ಮೀ. ತೂತು ಕೊರೆದು, ಸೂಜಿಮೊನೆಯಷ್ಟು ಫೆವಿಕ್ವಿಕ್ ತಾಗಿಸಿ ಎಳೆಯ ತುದಿ ಇಟ್ಟರೆ ಕ್ಷಣದಲ್ಲಿ ಹಿಡಿಯುತ್ತದೆ. ಇನ್ನೊಂದು ತುದಿಯನ್ನು ಚಿಮಟದಲ್ಲಿ ಹಿಡಿದು ತುಸುವೇ ಎಳೆದು ಕೂರಿಸಿ. ಬಹಳ ಎಳೆದರೆ ಎಳೆ ಇನ್ನಷ್ಟು ಸಣಕಲಾಗಿ ಪಕ್ಕದ ತಂತಿಗೂ ಇದಕ್ಕೂ ಹೊಂದುವುದಿಲ್ಲ. ಬಣ್ಣ ಬಳಿಯಲು ಹೋಗಬೇಡಿ, ಹಿಗ್ಗಿದಾಗ ಬಿರಿಯುತ್ತದೆ. ಬೇಕಾದ ಬಣ್ಣದ್ದನ್ನೇ ಕೊಳ್ಳಿ. ಉಕ್ಕಿನ ಹೊಳಪು ಇದರಲ್ಲಿ ಬರುವುದಿಲ್ಲ ಎಂಬುದೊಂದೇ ನನ್ನ ದೂರು.

ತೂತುಗಳನ್ನೆಲ್ಲ ಬಣ್ಣಕ್ಕೂ ಮೊದಲೇ ಕೊರೆದಿಡಿ, ಒಳಗಿನ ತಂತಿಗಳನ್ನು ಮುಗಿಸಿ ಹೊರಗಿನದಕ್ಕೆ ಬನ್ನಿ.

ಎಂದೂ ತಂತಿ ಕಟ್ಟದವರು ಮೊದಲು ಫೋಕರ್ ಡಿ.7 ಕಟ್ಟಬಹುದು. ಅದರ ದಪ್ಪ ರೆಕ್ಕೆಯೊಳಗೇ ಗಟ್ಟಿ ತೊಲೆಗಳಿರುವುದರಿಂದ ರೆಕ್ಕೆಗಳ ನಡುವೆ ಬಿಗಿತಂತಿಯೇ ಇಲ್ಲ. ಅದಾದ ಮೇಲೆ 1/48ರ ಎಸ್.ಇ.5ಎ, ನಿಯಂತ್ರಣದ ಕೇಬಲ್‌ಗೂ ರೆಕ್ಕೆಗೂ ತೆಳು ಇಲಾಸ್ಟಿಕ್ ಎಳೆ. ಕೈ ಪಳಗಿದ ಮೇಲೆ ರೆಕ್ಕೆಯ ನಡುವೆ ಉಕ್ಕಿನ ಪಟ್ಟಿ ಪ್ರಯತ್ನಿಸಿ. ಅಟ್ಟದ ಮೇಲೆ ಅರ್ಧಕ್ಕೆ ನಿಂತ ಬೈಪ್ಲೇನ್ ಇದ್ದರೆ ಈ ಭಾನುವಾರವೇ ಕೆಳಗಿಳಿಸಿ.