ಕಾನೂನು ಬೆಟ್ಟ ಹತ್ತಲಿ

ಗೆದ್ದವನು ಸೋತ, ಸೋತವನು ಸತ್ತ ಎಂಬುದು ಕೋರ್ಟಿನ ವ್ಯಾಜ್ಯಗಳನ್ನು ಕುರಿತು ನಮ್ಮ ನಾಡಿನಲ್ಲಿ ಬಹುಕಾಲದಿಂದ ಕೇಳಿಬರುತ್ತಿರುವ ಗಾದೆ. ವ್ಯಾಜ್ಯಕ್ಕೆ ಇಳಿಯಬಲ್ಲವರನ್ನು ಎಚ್ಚರಿಸುವ ಈ ಮಾತು, ಅದಕ್ಕೆ ಶಕ್ತಿಯೇ ಇಲ್ಲದವರ ಸ್ಥಿತಿಯನ್ನು ಹೇಳುವುದಿಲ್ಲ. ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಯಸಳೂರು ಹೋಬಳಿಗಳ ತೋಟದ ಲೈನ್‌ಮನೆಯಲ್ಲಿರುವ ಕೂಲಿಕಾರನಿಗೆ ತಾಲ್ಲೂಕು ಕಚೇರಿಗೆ ಒಮ್ಮೆ ಹೋಗಿಬರುವುದೆಂದರೆ ಬಸ್ಸಿನ ಖರ್ಚಿನೊಡನೆ ಒಂದು ದಿನದ ಹಾಜರಿಯೂ ಹೋದಂತೆ. 'ನಾಳೆ ಬನ್ನಿ' ಎಂಬ ಉತ್ತರ ದೊರೆತರೆ ಎರಡು ದಿನದ ಹಾಜರಿ. ಹೀಗೆ ನ್ಯಾಯಾಲಯದ ಮೆಟ್ಟಿಲನ್ನೇ ಕಾಣದೆ ಸೋತವರ ಲೆಕ್ಕ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ.

ಕಾನೂನನ್ನು ಅರಿಯದಿದ್ದರೆ ಎಂತಹ ನಷ್ಟವಾದೀತು ಎಂಬುದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಸಕಲೇಶಪುರವನ್ನು ಹಾದು ಹರಿಯುವ ಹೇಮಾವತಿ ನದಿಗೆ ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಹಿನ್ನೀರಿನಲ್ಲಿ ಅನೇಕ ಗ್ರಾಮಗಳು ಮುಳುಗಿದವು. ಹಾಸನ ಬಳಿಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ದೇವಾಲಯವು ಇಂದಿಗೂ ಮಳೆಗಾಲದಲ್ಲಿ ನೀರಿನಲ್ಲಿ ನಿಲ್ಲುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿದ್ದಾರೆ. ಅಂದು ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆಯ ಪ್ರಕಾರ, ಪರಿಹಾರದ ಹಣವನ್ನು 'ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ' ಎಂದು ತಿಳಿಸಿ ಪಡೆದವನಿಗೆ ಮಾತ್ರ ಹೆಚ್ಚಿನ ಪರಿಹಾರಕ್ಕಾಗಿ ನ್ಯಾಯಾಲಯದ ಬಾಗಿಲು ತೆರೆದಿತ್ತು. ಏನನ್ನೂ ಹೇಳದೆ ಹೆಬ್ಬೆಟ್ಟು ಒತ್ತಿದವನಿಗೆ ಅದು ಮುಚ್ಚಿತು. ನೆರೆಯವನು ಕೋರ್ಟಿನಲ್ಲಿ ಹೆಚ್ಚು ಪರಿಹಾರ ಪಡೆದರೆ ತನಗೂ ಅಷ್ಟೇ ಕೊಡಿಸಬೇಕೆಂದು ಕೇಳುವ ಅವಕಾಶವನ್ನು 1984ರ ತಿದ್ದುಪಡಿ ಕೊಟ್ಟಿತಾದರೂ ಅದಕ್ಕೆ ಮೂರೇ ತಿಂಗಳ ಗಡುವು. ಒಂದು ಸಾಲು ಬರವಣಿಗೆ, ಮೂರು ತಿಂಗಳ ಗಡುವು: ಮಣ್ಣು ಕಳೆದುಕೊಂಡ ರೈತನ ಹಕ್ಕು ಇಷ್ಟರ ಮೇಲೆ ನಿಂತಿತ್ತು. ಅದನ್ನು ಅವನಿಗೆ ಸಕಾಲದಲ್ಲಿ ತಿಳಿಸುವವರು ಬೇಕಾಗಿದ್ದರು.

ಆ ಕಾರ್ಯಕ್ಕಾಗಿಯೇ ರೂಪುಗೊಂಡದ್ದು ಕಾನೂನು ಕಾಲೇಜುಗಳ ಉಚಿತ ಕಾನೂನು ನೆರವು ಕೇಂದ್ರ. ವೈದ್ಯ ವಿದ್ಯಾರ್ಥಿಯು ರೋಗಿಯ ಹಾಸಿಗೆಯ ಬಳಿ ನಿಂತು ವೈದ್ಯವನ್ನು ಕಲಿಯುವಂತೆ, ಕಾನೂನಿನ ವಿದ್ಯಾರ್ಥಿಯು ನೊಂದವರ ಎದುರು ಕುಳಿತು, ಅಧ್ಯಾಪಕರ ಮಾರ್ಗದರ್ಶನದಲ್ಲಿ ಕಾನೂನನ್ನು ಕಲಿಯಬೇಕೆಂಬುದು ಇದರ ತತ್ತ್ವ. ಆದ್ದರಿಂದಲೇ ಇದಕ್ಕೆ 'ಕ್ಲಿನಿಕ್' ಎಂಬ ಹೆಸರು ಬಂದಿದೆ.

ನಮ್ಮ ದೇಶದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಸಮಿತಿಯು 1973ರಲ್ಲಿಯೇ ಬಡವರ ಕಾನೂನು ನೆರವಿನಲ್ಲಿ ಕಾನೂನು ವಿದ್ಯಾರ್ಥಿಗಳು ಪಾಲ್ಗೊಳ್ಳಬೇಕೆಂದು ಸೂಚಿಸಿತು. 1976ರಲ್ಲಿ ಅಂಗೀಕೃತವಾದ 42ನೆಯ ತಿದ್ದುಪಡಿಯ ಮೂಲಕ ಉಚಿತ ಕಾನೂನು ನೆರವು ಸಂವಿಧಾನದ 39ಎ ವಿಧಿಯಾಗಿ ಸೇರಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸ್ಥಾಪಕ ನಿರ್ದೇಶಕರಾಗಿದ್ದ ದಿವಂಗತ ಎನ್. ಆರ್. ಮಾಧವ ಮೆನನ್ ಅವರು ಇಂತಹ ಕಲಿಕೆಗೆ ದೇಶದಲ್ಲೇ ನೆಲೆಯೊದಗಿಸಿದರು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಪ್ರತಿಯೊಂದು ಕಾನೂನು ಕಾಲೇಜಿನಲ್ಲೂ ಹಿರಿಯ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ನಡೆಸುವ ನೆರವು ಕೇಂದ್ರ ಇರಲೇಬೇಕು. ರಾಷ್ಟ್ರೀಯ ಪ್ರಾಧಿಕಾರದ 2011ರ ನಿಬಂಧನೆಗಳು ಇನ್ನೂ ಮುಂದೆ ಹೋಗಿ, ವಿದ್ಯಾರ್ಥಿಗಳು ದೂರದ ಗ್ರಾಮವೊಂದನ್ನು ದತ್ತು ತೆಗೆದುಕೊಳ್ಳಬಹುದೆಂದು ಹೇಳುತ್ತವೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿ ಎಂ. ಕೃಷ್ಣ ಕಾನೂನು ಕಾಲೇಜು ಇದೆ. ದತ್ತು ಪಡೆಯಲು ತಕ್ಕ ಗ್ರಾಮಗಳು ಈ ಬೆಟ್ಟಸಾಲಿನಲ್ಲಿ ಬೇಕಾದಷ್ಟಿವೆ.

ಇಲ್ಲಿನ ಸಂಕಷ್ಟಗಳು

ಆನೆಯ ಸಮಸ್ಯೆಯನ್ನೇ ನೋಡೋಣ. ಹೈಕೋರ್ಟಿನ ಆದೇಶದಂತೆ ರಚಿತವಾದ ಕರ್ನಾಟಕ ಆನೆ ಕಾರ್ಯಪಡೆಯು 2012ರ ವರದಿಯಲ್ಲಿ ಆಲೂರು-ಸಕಲೇಶಪುರ ಭಾಗದ ಆನೆಗಳನ್ನು ಸ್ಥಳಾಂತರಿಸಬೇಕೆಂದು ಶಿಫಾರಸು ಮಾಡಿತು. 2014ರಲ್ಲಿ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ತೊಂದರೆ ನಿಂತಿಲ್ಲ. ದಾಳಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ ಸರ್ಕಾರ ಪರಿಹಾರ ನೀಡುತ್ತದೆ. ಅದಕ್ಕೆ ಪೊಲೀಸು ವರದಿ, ಮರಣೋತ್ತರ ಪರೀಕ್ಷೆಯ ವರದಿ, ವಾರಸುದಾರಿಕೆಯ ಪುರಾವೆ ಮುಂತಾದ ಕಾಗದಗಳು ಬೇಕು. ಬೆಳೆ ಹಾನಿಗೆ ಪಹಣಿ ಬೇಕು. ತಾತನ ಹೆಸರಿನಲ್ಲೇ ಉಳಿದ, ಪೌತಿ ಖಾತೆಯಾಗದ ಜಮೀನಿನ ಸಣ್ಣ ರೈತ ಅಲ್ಲಿಯೇ ಎಡವುತ್ತಾನೆ. ಗಂಡನನ್ನು ಮಣ್ಣು ಮಾಡಿ ಬಂದ ಹೆಣ್ಣುಮಗಳು ಇಷ್ಟು ಕಚೇರಿಗಳನ್ನು ಒಬ್ಬಳೇ ಅಲೆಯಬೇಕೆಂದರೆ ಆ ಪರಿಹಾರ ಅವಳಿಗೆ ಕಾಗದದ ಮೇಲಷ್ಟೇ ಉಳಿದೀತು.

ತೋಟದ ಕಾರ್ಮಿಕರ ಮಾತೂ ಹೀಗೆಯೇ. 1951ರ ತೋಟ ಕಾರ್ಮಿಕರ ಕಾಯಿದೆಯು ವಸತಿ, ಔಷಧೋಪಚಾರ, ಶಿಶುಪಾಲನೆಗಳನ್ನು ಮಾಲೀಕನ ಹೊಣೆಯಾಗಿಸಿತ್ತು. ಆದರೆ 5 ಹೆಕ್ಟೇರಿಗಿಂತ ಕಿರಿದಾದ, 15ಕ್ಕಿಂತ ಕಡಿಮೆ ಆಳುಗಳಿದ್ದ ತೋಟಗಳು ಸಾಮಾನ್ಯವಾಗಿ ಅದರ ಹೊರಗಿದ್ದವು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯಿದೆಯ ಸ್ಥಾನವನ್ನು ಪಡೆದಿವೆ. ಹಳೆಯದರಲ್ಲಿ ಏನು ಉಳಿಯಿತು, ಹೊಸದರಲ್ಲಿ ಏನು ದೊರೆಯಿತು ಎಂಬುದನ್ನು ಲೈನ್‌ಮನೆಯ ಜಗಲಿಯಲ್ಲಿ ಕುಳಿತು ವಿವರಿಸುವವರು ಯಾರು? ಅಸ್ಸಾಮಿನಿಂದ ಕೆಲಸಕ್ಕೆ ಬಂದ ಕುಟುಂಬಗಳಿಗಂತೂ ಕನ್ನಡವೇ ಬಾರದು. ಮುಂಗಡದ ಸಾಲಕ್ಕೆ ಬದಲಾಗಿ ದುಡಿಮೆಯಲ್ಲಿ ಕಟ್ಟಿಹಾಕುವ ಜೀತವನ್ನು ರದ್ದುಗೊಳಿಸಿ, ಅಂತಹ ಸಾಲವನ್ನೇ ಅಳಿಸಿಹಾಕಿದ 1976ರ ಕಾಯಿದೆಯಿದೆ ಎಂಬುದನ್ನು ಅವರಿಗೆ ಅವರ ಭಾಷೆಯಲ್ಲಿ ತಿಳಿಸಬೇಕಾಗಿದೆ.

ಶಿಬಿರ ಸಾಲದು

ಈ ಕೇಂದ್ರಗಳಿಗೆ ಮಿತಿಗಳೂ ಇವೆ. 1961ರ ವಕೀಲರ ಕಾಯಿದೆಯಂತೆ ವಿದ್ಯಾರ್ಥಿಯು ನ್ಯಾಯಾಲಯದಲ್ಲಿ ವಾದಿಸುವಂತಿಲ್ಲ. ಪೂರ್ಣಾವಧಿ ಅಧ್ಯಾಪಕರೂ ಸಾಮಾನ್ಯವಾಗಿ ವಕೀಲಿ ನಡೆಸುವಂತಿಲ್ಲ. ಆದರೆ ಅಹವಾಲನ್ನು ಕೇಳಿ ಬರೆದುಕೊಳ್ಳುವುದು, ಕಾಗದಗಳನ್ನು ಜೋಡಿಸುವುದು, ಅರ್ಜಿ ಸಿದ್ಧಪಡಿಸುವುದು, ಸ್ವೀಕೃತಿ ಪಡೆಯುವುದು, ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರಿಗೆ ಪ್ರಕರಣವನ್ನು ತಲುಪಿಸುವುದು, ಇವೆಲ್ಲವೂ ಅವರಿಂದ ಸಾಧ್ಯ. ಬಡವನ ಅರ್ಜಿಯು ಸೋಲುವುದು ಹೆಚ್ಚಾಗಿ ಈ ಹಂತಗಳಲ್ಲಿಯೇ.

ನಿಜವಾದ ಕೊರತೆ ಬೇರೆಯಿದೆ. ಒಂದು ಭಾನುವಾರ ಶಾಮಿಯಾನ ಹಾಕಿ, ಭಾಷಣ ಮಾಡಿ, ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗಿದರೆ ಅದು ಶಿಬಿರ. ಅಂದು ಅರ್ಜಿ ಕೊಟ್ಟವಳು ಮುಂದಿನ ತಿಂಗಳು ಯಾರನ್ನು ಕೇಳಬೇಕು? ಪರೀಕ್ಷೆ ಮುಗಿದೊಡನೆ ವಿದ್ಯಾರ್ಥಿಗಳು ಚದುರುತ್ತಾರೆ. ಅರ್ಜಿಯು ಕಚೇರಿಯಲ್ಲಿ ಉಳಿಯುತ್ತದೆ. ನಿಗದಿತ ದಿನ, ನಿಗದಿತ ಸ್ಥಳ, ಪ್ರತಿ ಪ್ರಕರಣಕ್ಕೂ ಒಂದು ಕಡತ, ಈ ವರ್ಷದ ವಿದ್ಯಾರ್ಥಿಯಿಂದ ಮುಂದಿನ ವರ್ಷದವನ ಕೈಗೆ ಅದರ ಹಸ್ತಾಂತರ: ಇಷ್ಟಿದ್ದರೆ ಮಾತ್ರ ಅದು ಕೇಂದ್ರವೆನಿಸಿಕೊಂಡೀತು. ಮರಳಿ ಬರುವವನೇ ಬಡವನಿಗೆ ವಕೀಲ.

ನಮ್ಮ ಪಾಲಿನ ಕರ್ತವ್ಯ

ಕ್ರಿ.ಶ. 1303ರಲ್ಲಿ ನಿಧನರಾದ, ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸಂತ ಈವೊ ಗುರುಗಳೂ ಆಗಿದ್ದರು, ನ್ಯಾಯವಾದಿಯೂ ಆಗಿದ್ದರು. ಬಡವರ ವಕೀಲರೆಂದು ಹೆಸರಾದ ಅವರನ್ನು ಧರ್ಮಸಭೆಯು ವಕೀಲರ ಪಾಲಕ ಸಂತರೆಂದು ಗೌರವಿಸುತ್ತದೆ. ಮೇ 19 ಅವರ ಹಬ್ಬ. ಕಾರ್ಮಿಕರ ನ್ಯಾಯಯುತ ಕೂಲಿಯನ್ನು ಎತ್ತಿಹಿಡಿದ ಪೋಪ್ 13ನೆಯ ಲಿಯೋ ಅವರ ವಿಶ್ವಪತ್ರ 'ರೇರುಮ್ ನೊವಾರುಮ್' ಪ್ರಕಟವಾದದ್ದು 1891ರಲ್ಲಿ. ಈ ಪರಂಪರೆಗೆ ಸೇರಿದ ನಮ್ಮ ಕುಟುಂಬಗಳಲ್ಲಿ ತೋಟದ ಮಾಲೀಕರೂ ಇದ್ದಾರೆ, ರೈಟರೂ ಇದ್ದಾರೆ, ಕೂಲಿಕಾರರೂ ಇದ್ದಾರೆ. ಮಾಲೀಕರು ಹಾಜರಿ ಪುಸ್ತಕವನ್ನು ನೇರವಾಗಿಡಲಿ. ಕಾನೂನು ಓದುತ್ತಿರುವ ನಮ್ಮ ಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ನೆರೆಯವರ ಒಂದು ಕಾಗದವನ್ನಾದರೂ ಓದಿ ಹೇಳಲಿ. ಧರ್ಮಕೇಂದ್ರಗಳ ಸಭಾಂಗಣಗಳು ತಿಂಗಳಿಗೊಂದು ದಿನ ಜಾತಿ ಮತಗಳ ಭೇದವಿಲ್ಲದೆ ಈ ಕಾರ್ಯಕ್ಕೆ ತೆರೆದಿರಲಿ.

ಅಲ್ಲಿಯವರೆಗೆ ಓದುಗರು ಇಷ್ಟನ್ನು ನೆನಪಿಡಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಇವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಉಳಿದವರಿಗೆ ಸರ್ಕಾರ ನಿಗದಿಪಡಿಸಿದ ಆದಾಯದ ಮಿತಿಯಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯು ತಾಲ್ಲೂಕಿನ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿರುತ್ತದೆ. ದೂರವಾಣಿಯಲ್ಲಿ 15100 ಸಂಖ್ಯೆಗೆ ಕರೆ ಮಾಡಿದರೂ ಸಲಹೆ ಸಿಗುತ್ತದೆ. ಲೋಕ ಅದಾಲತ್ತಿನಲ್ಲಿ ಆದ ರಾಜಿಯು ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ. ಆದುದರಿಂದ ಓದಿಸಿ ತಿಳಿದುಕೊಳ್ಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ, ಒತ್ತಿದ ಕಾಗದದ ಪ್ರತಿಯನ್ನು ಪಡೆಯದೆ ಮನೆಗೆ ಮರಳಬೇಡಿ.