ಕರುಳು ಕತ್ತರಿಸಿದ ಮೇಲೆ ಭೇದಿ ಏಕೆ?

ಕರುಳಿನ ಕ್ಷಯ, ಟೈಫಾಯಿಡ್‌ನಿಂದ ಕರುಳು ತೂತಾಗುವುದು, ಕ್ರೋನ್ಸ್ ಕಾಯಿಲೆ - ಇಂಥ ಸಂದರ್ಭಗಳಲ್ಲಿ ಸಣ್ಣ ಕರುಳಿನ ಕೊನೆಯ ಭಾಗವನ್ನು ತೆಗೆಯಬೇಕಾಗಬಹುದು. ಗಾಯ ಮಾಗಿ ಊಟ ಸೇರತೊಡಗಿದ ಮೇಲೆ ಕೆಲವರಿಗೆ ಹೊಸ ತೊಂದರೆ: ಬೆಳಗಿನ ತಿಂಡಿ ತಿಂದು ಏಳುವಷ್ಟರಲ್ಲಿ ನೀರಿನಂಥ ಭೇದಿ. ಆಪರೇಷನ್ ಕೆಟ್ಟಿತೆಂದು ಮನೆಯವರು ಹೆದರುತ್ತಾರೆ. ರೋಗಿ ಊಟವನ್ನೇ ಬಿಡುತ್ತಾನೆ. ಎರಡೂ ಬೇಡ. ಇದಕ್ಕೆ ಒಂದು ಮುಖ್ಯ ಕಾರಣ ಪಿತ್ತರಸ.

ಪಿತ್ತ ಎಂದೊಡನೆ ನಿಂಬೆಹಣ್ಣು, ಜೀರಿಗೆ ಕಷಾಯ ನೆನಪಾದೀತು. ಇದು ಆ ಪಿತ್ತವಲ್ಲ. ಯಕೃತ್ತು ಕೊಲೆಸ್ಟರಾಲ್‌ನಿಂದ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಸೀಗೆಪುಡಿ ತಲೆಯ ಎಣ್ಣೆ ಬಿಡಿಸುವಂತೆ ಇವು ಊಟದ ಜಿಡ್ಡನ್ನು ಬಿಡಿಸಿ ಅರಗಿಸಲು ನೆರವಾಗುತ್ತವೆ. ಕೆಲಸ ಮುಗಿದ ಮೇಲೆ ಶೇ. 95ರಷ್ಟು ರಕ್ತದ ಮೂಲಕ ಮತ್ತೆ ಯಕೃತ್ತಿಗೇ ಮರಳುತ್ತವೆ. ದೇಹದಲ್ಲಿ ಒಟ್ಟು ಇರುವುದು ಸುಮಾರು 2ರಿಂದ 4 ಗ್ರಾಂ ಮಾತ್ರ. ಅದೇ ದಿನಕ್ಕೆ ಹಲವು ಬಾರಿ ಸುತ್ತು ಹಾಕುತ್ತದೆ. ಇವನ್ನು ಮುಖ್ಯವಾಗಿ ಹೀರಿಕೊಳ್ಳುವುದು ಸಣ್ಣ ಕರುಳಿನ ಆ ಕೊನೆಯ ಭಾಗವೇ. ಅದಿಲ್ಲವಾದರೆ ಪಿತ್ತಾಮ್ಲಗಳು ದೊಡ್ಡ ಕರುಳಿಗೆ ಹರಿದು, ಅಲ್ಲಿ ನೀರು ಜಿನುಗಿಸುತ್ತವೆ. ರಾತ್ರಿಯಿಡೀ ಪಿತ್ತಕೋಶದಲ್ಲಿ ಸೇರಿದ್ದ ರಸ ತಿಂಡಿಯೊಂದಿಗೆ ಇಳಿಯುವುದರಿಂದ ಬೆಳಗಿನ ಕಾಟ ಹೆಚ್ಚು.

ತೆಗೆದ ಭಾಗ ಸುಮಾರು 100 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಯಕೃತ್ತು ಹೆಚ್ಚು ತಯಾರಿಸಿ ನಷ್ಟ ತುಂಬಿಕೊಳ್ಳುತ್ತದೆ. ಭೇದಿಗೆ ಕೊಲೆಸ್ಟಿರಮೈನ್ ಎಂಬ ಪುಡಿ ಒಳ್ಳೆಯ ಮದ್ದು; ಅದು ಪಿತ್ತಾಮ್ಲವನ್ನು ಹಿಡಿದಿಡುತ್ತದೆ. ಬೇರೆ ಮಾತ್ರೆಗಳನ್ನೂ ಹಿಡಿದಿಡುವುದರಿಂದ ಅವನ್ನು ಪುಡಿಗೆ 1 ಗಂಟೆ ಮೊದಲು ಅಥವಾ 4ರಿಂದ 6 ಗಂಟೆಯ ನಂತರ ನುಂಗಬೇಕು.

ಅದಕ್ಕಿಂತ ಉದ್ದ ಹೋಗಿದ್ದರೆ ಕಥೆ ಬೇರೆ. ಯಕೃತ್ತು ಎಷ್ಟು ದುಡಿದರೂ ಸಾಲದೆ, ಜಿಡ್ಡು ಅರಗದೆ, ಮಲ ಎಣ್ಣೆಯಂತೆ ತೇಲುತ್ತದೆ, ತೂಕ ಇಳಿಯುತ್ತದೆ. ಇಲ್ಲಿ ಆ ಪುಡಿ ತೊಂದರೆಯನ್ನು ಹೆಚ್ಚಿಸಬಹುದು. ಕರಿದ ತಿಂಡಿ, ತುಪ್ಪ ಕಡಿಮೆ ಮಾಡುವುದೇ ದಾರಿ. ಆದ್ದರಿಂದ ಎಷ್ಟು ಉದ್ದ ತೆಗೆದರೆಂದು ಸರ್ಜನ್‌ರನ್ನು ಕೇಳಿ, ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಡಿ. ಅದಿಲ್ಲದೆ ಬಂದವರಿಗೆ ಚಿಕಿತ್ಸೆ ಹೇಳುವುದು ನಮಗೂ ಕಷ್ಟ. ಮಲದಲ್ಲಿ ರಕ್ತ, ಜ್ವರ, ಹೊಟ್ಟೆನೋವು ಇದ್ದರೆ ಪಿತ್ತದ ಮೇಲೆ ಹೊರಿಸಿ ಸುಮ್ಮನಿರಬೇಡಿ.

ಬಿ12 ಜೀವಸತ್ವವನ್ನು ಹೀರುವುದೂ ಇದೇ ಭಾಗ. ದೇಹದ ದಾಸ್ತಾನು ಕೆಲವು ವರ್ಷ ಸಾಲುವುದರಿಂದ ಕೊರತೆ ತಡವಾಗಿ ಕಾಣುತ್ತದೆ: ಸುಸ್ತು, ಪಾದಗಳಲ್ಲಿ ಜುಮುಜುಮು. ಅಷ್ಟರಲ್ಲಿ ಆಪರೇಷನ್ ಮರೆತೇಹೋಗಿರುತ್ತದೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಅಗತ್ಯವಿದ್ದವರು ಬಿ12 ಇಂಜೆಕ್ಷನ್ನನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕಾಗುತ್ತದೆ.