ಪಹಣಿ ಪಾರ್ವತಿನಗರದಲ್ಲಿ, ಗದ್ದೆ ಸಿರುಗುಪ್ಪದಲ್ಲಿ

ಬಳ್ಳಾರಿಯ ಪಾರ್ವತಿನಗರದಲ್ಲಿ ಹೊಲವಿಲ್ಲ. ಮನೆ, ಅಂಗಡಿ, ಆಸ್ಪತ್ರೆಯ ಫಲಕ, ಗೇಟಿನೊಳಗೆ ಕಾರು. ಆದರೂ ಬೆಳೆ ಪರಿಹಾರ ಯಾರ ಕೈಸೇರುತ್ತದೆಂದು ನೋಡಹೊರಟವರು ಇಲ್ಲಿಂದಲೇ ಹೊರಡಬೇಕು. ಹಳ್ಳಿಯಲ್ಲಿ ಗದ್ದೆ ಇಟ್ಟುಕೊಂಡು, ಮಕ್ಕಳ ಓದಿಗೆಂದು ಪೇಟೆಗೆ ಬಂದು ನಿಂತ ಕುಟುಂಬಗಳು ಬಳ್ಳಾರಿಯ ಇಂಥ ಬಡಾವಣೆಗಳಲ್ಲಿ ಬೇಕಾದಷ್ಟಿವೆ. ಪಹಣಿ ಇವರ ಹೆಸರಲ್ಲಿ, ಕೆಸರಿಗಿಳಿಯುವವನು ಬೇರೆ.

ಊರು ಬಿಟ್ಟು ಕುರುಗೋಡಿನತ್ತ ಹೋದರೆ ಎರೆಭೂಮಿ, ಮೆಣಸಿನಕಾಯಿ, ಹತ್ತಿ. ದೊಡ್ಡಬಸವೇಶ್ವರನ ಈ ಊರಲ್ಲಿ ಮಳೆ ಕೈಕೊಟ್ಟರೂ ಕಷ್ಟ, ಅತಿಯಾದರೂ ಕಷ್ಟ. ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದೆಯೆಂದು ಜಂಟಿ ಸಮೀಕ್ಷೆಯಲ್ಲಿ ಬರಬೇಕು. ಆಗ ಕೇಂದ್ರದ 2022–26ರ ಮಾರ್ಗಸೂಚಿಯಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿಗಷ್ಟೇ. ಎಕರೆಗೆ ಇಳಿಸಿದರೆ ಮಳೆಯಾಶ್ರಿತಕ್ಕೆ ಸುಮಾರು 3,440 ರೂಪಾಯಿ. ಮೆಣಸಿನಕಾಯಿ ಬೆಳೆಯುವವರ ಮುಂದೆ ಈ ಅಂಕಿ ಹೇಳಿದರೆ ನಗುತ್ತಾರೆ. ಅವರಿಗೆ ಅದು ಒಂದೆರಡು ಸಲದ ಔಷಧಿ ಸಿಂಪಡಣೆಯ ಖರ್ಚು. 2025ರ ಅತಿವೃಷ್ಟಿಯ ನಂತರ ರಾಜ್ಯ ಸರ್ಕಾರ ಹೆಕ್ಟೇರಿಗೆ ತನ್ನ ಪಾಲಿನ 8,500 ಸೇರಿಸಿತು. ಸ್ವಲ್ಪ ಉಸಿರು ಬಂತು, ಅಷ್ಟೆ.

2023ರ ಬರ ಇಲ್ಲಿ ಇನ್ನೂ ಮಾತಿನಲ್ಲಿದೆ. ಆ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ. ರಾಜ್ಯ ಕೇಂದ್ರದಿಂದ ಕೇಳಿದ್ದು 18 ಸಾವಿರ ಕೋಟಿಗೂ ಹೆಚ್ಚು. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ, ಸಿಕ್ಕಿದ್ದು ಸುಮಾರು 3,454 ಕೋಟಿ. ಅಷ್ಟರಲ್ಲಿ ರಾಜ್ಯವೇ ಮೊದಲ ಕಂತೆಂದು ರೈತರಿಗೆ ತಲಾ 2,000 ರೂಪಾಯಿವರೆಗೆ ಹಾಕಿತ್ತು.

ಈ ಹಣಕ್ಕೆ ಮಧ್ಯವರ್ತಿ ಇಲ್ಲವೆಂಬುದು ನಿಜವಾದ ಹೆಗ್ಗಳಿಕೆ. ಆಧಾರ್ ಜೋಡಣೆಯಾದ ಖಾತೆಗೆ ನೇರ ಬೀಳುತ್ತದೆ. ಆದರೆ ಆ ಖಾತೆ ಹುಡುಕುವ ದಾರಿ ಪಹಣಿಯಿಂದ, ಅದಕ್ಕೆ ಜೋಡಿಸಿದ ರೈತರ ಗುರುತಿನ ಸಂಖ್ಯೆಯಿಂದ (ಎಫ್‌ಐಡಿ) ಹೊರಡುತ್ತದೆ. ಇದರ ಅರ್ಥ ತಿಳಿಯಲು ತೆಕ್ಕಲಕೋಟೆ ದಾಟಿ ಸಿರುಗುಪ್ಪದ ಭತ್ತದ ಗದ್ದೆಗಳ ನಡುವೆ ನಿಲ್ಲಬೇಕು.

ಇಲ್ಲಿ ಗುತ್ತಿಗೆ ಬೇಸಾಯ ಸಾಮಾನ್ಯ. ಎಕರೆಗೆ ಇಷ್ಟು ಚೀಲ ಎಂದು ಬಾಯಿಮಾತಿನ ಒಪ್ಪಂದ. ಬರೆದುಕೊಡುವವರಿಲ್ಲ, ಏಕೆಂದರೆ 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಉಳುವವನಿಗೆ ಭೂಮಿ ಕೊಡಿಸಿದ ಕಾನೂನು ಅದು, ಅನುಮಾನವಿಲ್ಲ. ಆದರೆ ಅದರ ನೆರಳಲ್ಲೇ ಇವತ್ತಿನ ಉಳುವವನು ಕಾಗದದಿಂದ ಮಾಯವಾಗಿದ್ದಾನೆ. ಬೀಜ, ಗೊಬ್ಬರ, ಕೂಲಿ, ಸಾಲ ಎಲ್ಲ ಅವನದು. ಹಗರಿಯೋ ತುಂಗಭದ್ರೆಯೋ ಉಕ್ಕಿ ತೆನೆ ಮಲಗಿದರೆ ಬ್ಯಾಂಕಿನ ಮೆಸೇಜು ಬರುವುದು ಪೇಟೆಯ ಮೊಬೈಲಿಗೆ. "ಯಜಮಾನ್ರೇ, ಪರಿಹಾರ ಬಿತ್ತೇನ್ರಿ?" ಎಂದು ಫೋನ್ ಮಾಡಿ ಕೇಳುವ ಸರದಿ ಇವನದು. ಕೊಡುವವರಿದ್ದಾರೆ, ಗುತ್ತಿಗೆಯಲ್ಲಿ ಒಂದೆರಡು ಚೀಲ ಬಿಡುವವರೂ ಇದ್ದಾರೆ. ಅದು ಅವರವರ ಮನಸ್ಸು, ನಿಯಮವಲ್ಲ.

ಮನಸ್ಸಿಗೂ ಬಿಡದ ನಷ್ಟ ಇನ್ನೊಂದಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಮುಂದೆ ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ 2025–26ರ ಎರಡನೇ ಬೆಳೆಗೆ ನೀರಿಲ್ಲವೆಂದಾಯಿತು. ಬರ, ನೆರೆ, ಆಲಿಕಲ್ಲು ವಿಪತ್ತಿನ ಪಟ್ಟಿಯಲ್ಲಿವೆ. ಗೇಟು ದುರಸ್ತಿ ಇಲ್ಲ. ಬಿತ್ತದ ಬೆಳೆಗೆ ಯಾವ ಸಮೀಕ್ಷೆ?

ಕೊಯ್ಲಾದ ಗದ್ದೆಗಳಲ್ಲಿ ಕುರಿಹಿಂಡು. ಕುರಿಗಾರರಿಗೆ ಈ ನೆಲದ ಪಹಣಿಯೂ ಇಲ್ಲ, ಗುತ್ತಿಗೆಯೂ ಇಲ್ಲ. ವಿಚಿತ್ರವೆಂದರೆ ಈ ಒಂದು ಲೆಕ್ಕದಲ್ಲಿ ಅವರ ಸ್ಥಿತಿ ಗುತ್ತಿಗೆದಾರನಿಗಿಂತ ಮೇಲು: ಅದೇ ಮಾರ್ಗಸೂಚಿಯಂತೆ ವಿಪತ್ತಿನಲ್ಲಿ ಸತ್ತ ಕುರಿಗೆ ತಲಾ 4,000 ರೂಪಾಯಿ, ಕುಟುಂಬಕ್ಕೆ 30 ಕುರಿವರೆಗೆ, ಕುರಿ ಯಾರದೋ ಅವರಿಗೇ. ಪಶುವೈದ್ಯರು ಬಂದು ಸಾವನ್ನು ದೃಢೀಕರಿಸಬೇಕು. ಹಿಂಡು ಮಾತ್ರ ವೈದ್ಯರಿಗಾಗಿ ಕಾಯುವುದಿಲ್ಲ, ಮೇವಿದ್ದ ಕಡೆ ನಡೆದುಬಿಡುತ್ತದೆ.